ಅಮ್ಮ ಅಮೆರಿಕದಲ್ಲಿ, ಮಗಳು ಮೈದಾನದಲ್ಲಿ

ಮೊದಲೆಲ್ಲ ಬಾಣಂತನಕ್ಕೆ ಮಗಳು ತವರಿಗೆ ಬರುತ್ತಿದ್ದಳು. ಈಗ ತವರೇ ವಿಮಾನ ಹತ್ತಿ ಮಗಳ ಮನೆಗೆ ಹೋಗುತ್ತದೆ! ಅಂಟಿನುಂಡೆ, ಬಾಣಂತಿ ಖಾರದ ಪುಡಿ, ಮಗುವಿಗೆ ಮೆತ್ತನೆಯ ಹಳೇ ಪಂಚೆ ಎಲ್ಲವನ್ನೂ ಸೂಟ್‌ಕೇಸಿಗೆ ತುಂಬಿಕೊಂಡು ಅಮ್ಮ ಹೊರಟಳು ಅಂದರೆ ಅದು ಹೆಚ್ಚುಕಡಿಮೆ ಆರು ತಿಂಗಳ ಮಾತು. ಅಲ್ಲಿ ಮೊಮ್ಮಗು ಬಂತು, ಸಂತೋಷ. ಆದರೆ ಇಲ್ಲಿ ಮನೆಯಲ್ಲಿ ಉಳಿದವರ ಕಥೆ?

ಕೊಡ್ಲಿಪೇಟೆ ಕಡೆಯ ಒಂದು ಮನೆ ಅಂತ ಇಟ್ಟುಕೊಳ್ಳಿ. ಒಂದಿಷ್ಟು ಕಾಫಿ, ಮೆಣಸು, ಸ್ವಲ್ಪ ಗದ್ದೆ. ದೊಡ್ಡ ಮಗಳು ನ್ಯೂಜೆರ್ಸಿಯಲ್ಲಿ, ತುಂಬು ಗರ್ಭಿಣಿ. ಚಿಕ್ಕವಳು ಡಿಗ್ರಿ ಎರಡನೇ ವರ್ಷ, ಕಾಲೇಜಿನ ಹಾಕಿ ತಂಡದಲ್ಲಿ ಆಡುತ್ತಾಳೆ. ಅಮ್ಮ ಹೊರಟ ತಿಂಗಳಲ್ಲೇ ಅಂತರ ಕಾಲೇಜು ಟೂರ್ನಿಯೂ ಶುರು. ‘ಇದೊಂದು ವರ್ಷ ಆಟ ಬಿಡು ಪುಟ್ಟಿ, ಅಪ್ಪಂಗೆ ಅಡುಗೆ ಯಾರು ಮಾಡ್ತಾರೆ?’ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಹೆಚ್ಚಿನ ಸಲ ಅದನ್ನು ಹೇಳುವವರು ಹೆಂಗಸರೇ, ಅದು ಬೇರೆ ಮಾತು. ಹಾಕಿ ಸ್ಟಿಕ್ಕು ಅಟ್ಟ ಸೇರುತ್ತದೆ.

ಇದೊಂದು ವರ್ಷ ತಾನೇ ಅನ್ನಬೇಡಿ. ಮೂರು ವರ್ಷದ ಡಿಗ್ರಿಯಲ್ಲಿ ಕಾಲೇಜು ಹಾಕಿಗೆ ಸಿಗುವುದೇ ಮೂರು ಸೀಸನ್. ಅಂತರ ಕಾಲೇಜು ಟೂರ್ನಿಯಲ್ಲಿ ಕಣ್ಣಿಗೆ ಬಿದ್ದವರನ್ನು ವಿಶ್ವವಿದ್ಯಾಲಯದ ತಂಡಕ್ಕೆ ಆರಿಸುತ್ತಾರೆ. ಆ ತಂಡ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ಹೋಗುತ್ತದೆ. ಅಲ್ಲಿ ಮುಂದೆ ಬಂದರೆ ಅಖಿಲ ಭಾರತ ಮಟ್ಟ, ಆಮೇಲೆ ಖೇಲೊ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ. ಕ್ರೀಡಾ ಕೋಟಾದಲ್ಲಿ ಸೀಟಿಗೋ ಕೆಲಸಕ್ಕೋ ಅರ್ಜಿ ಹಾಕುವಾಗ ಈ ಸರ್ಟಿಫಿಕೇಟುಗಳೇ ಮಾತಾಡುವುದು. ನಡುವಿನ ಒಂದು ವರ್ಷ ಬಿಟ್ಟವಳು ಮೂರನೇ ವರ್ಷ ಮತ್ತೆ ತಂಡಕ್ಕೆ ಬರುವುದು ಕಷ್ಟವೇ.

ಹಾಗಾಗಿ ಅಮ್ಮ ಅಲ್ಲಿಂದಲೇ ಮಗಳ ಆಟ ನೋಡುವುದಕ್ಕೆ ಏನು ವ್ಯವಸ್ಥೆ ಮಾಡಿಕೊಳ್ಳಬಹುದು ಅನ್ನುವುದು ಬರೀ ಟೈಮ್‌ಪಾಸ್ ವಿಷಯ ಅಲ್ಲ. ಅಮ್ಮ ನೋಡುತ್ತಾಳೆ ಅಂದರೆ ಮನೆಯವರೆಲ್ಲ ಆ ಆಟಕ್ಕೆ ಒಂದು ಬೆಲೆ ಕೊಡುತ್ತಾರೆ.

ಊರ ಹಬ್ಬ ಕಾಣುತ್ತದೆ, ಕಾಲೇಜು ಕಾಣುವುದಿಲ್ಲ

ಕೊಡಗಿನ ಹಾಕಿ ಅಂದಕೂಡಲೇ ಎಲ್ಲರಿಗೂ ನೆನಪಾಗುವುದು ಕೊಡವ ಕೌಟುಂಬಿಕ ಹಾಕಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದಾಗ ಬಂದದ್ದು 60 ಕುಟುಂಬಗಳ ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯೇ ಆಯಿತು. ಅಪ್ಪ, ಮಗಳು, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡುವ ಚೆಂದ ಅದು. ಅಂಥ ಹಬ್ಬವನ್ನು ದುಬೈಯಲ್ಲಿ ಕೂತವರೂ ಕೆನಡಾದಲ್ಲಿ ಕೂತವರೂ ಯೂಟ್ಯೂಬ್‌ನಲ್ಲಿ ನೋಡುತ್ತಾರೆ. ಕ್ಯಾಮೆರಾ, ಕಾಮೆಂಟರಿ ಎಲ್ಲ ಇರುತ್ತದೆ. ನೀವು ಮಾಡಬೇಕಾದದ್ದು ಹೆಸರು ಹಾಕಿ ಹುಡುಕುವುದಷ್ಟೇ.

ಕೊಡ್ಲಿಪೇಟೆ ಇರುವುದು ಜಿಲ್ಲೆಯ ಉತ್ತರದ ತುದಿಯಲ್ಲಿ. ಮಡಿಕೇರಿಗಿಂತ ಸಕಲೇಶಪುರವೇ ಹತ್ತಿರ. ಆದರೂ ಹಾಕಿಯ ಗಾಳಿ ಇಲ್ಲಿಗೂ ಬೀಸಿದೆ. ಇದೇ ಸೋಮವಾರಪೇಟೆ ತಾಲೂಕಿನಿಂದ ಅರ್ಜುನ್ ಹಾಲಪ್ಪ ಬಂದರು, ಎರಡು ಒಲಿಂಪಿಕ್ಸ್ ಆಡಿದ ಎಸ್.ವಿ. ಸುನಿಲ್ ಬಂದರು. ಹುಡುಗಿಯರ ಹೆಸರು ಇಷ್ಟು ಬೇಗ ನಾಲಿಗೆಗೆ ಬರುವುದಿಲ್ಲ ನೋಡಿ! 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಮಹಿಳೆಯರ ತಂಡ ಮೊದಲ ಬಾರಿ ಸೆಮಿಫೈನಲ್ ತಲುಪಿ ನಾಲ್ಕನೆಯದಾಯಿತಲ್ಲ, ಆಗ ಅದರ ಸಹಾಯಕ ಕೋಚ್ ಆಗಿದ್ದ ಅಂಕಿತಾ ಸುರೇಶ್ ಕೊಡಗಿನವರೇ. ಎಷ್ಟು ಮನೆಗಳಲ್ಲಿ ಈ ಹೆಸರು ಗೊತ್ತು?

ಇನ್ನು ಕಾಲೇಜು ಮ್ಯಾಚು. ಸೋಮವಾರಪೇಟೆಯಲ್ಲೋ ಕುಶಾಲನಗರದಲ್ಲೋ ವಾರದ ನಡುವೆ ಒಂದು ದಿನ, ಮಧ್ಯಾಹ್ನ ಮೂರಕ್ಕೆ ನಡೆಯುವ ಪಂದ್ಯವನ್ನು ಯಾವ ಚಾನೆಲ್ ತೋರಿಸುತ್ತದೆ? ಯಾರೂ ಇಲ್ಲ. ಅಲ್ಲಿ ಒಂದು ಫೋನ್ ಹಿಡಿಯುವ ಕೈಯನ್ನು ನೀವೇ ಹುಡುಕಿಕೊಳ್ಳಬೇಕು.

ಗಡಿಯಾರದ ಲೆಕ್ಕ

ಅದಕ್ಕೂ ಮೊದಲು ಟೈಮ್ ಸರಿಯಾಗಿ ತಿಳಿದುಕೊಳ್ಳಿ. ಇಲ್ಲದಿದ್ದರೆ ಮ್ಯಾಚ್ ಮುಗಿದು ಹುಡುಗಿಯರು ಬಸ್ಸು ಹತ್ತಿದ ಮೇಲೆ ನೀವು ಫೋನ್ ತೆರೆಯುತ್ತೀರಿ.

ನಮ್ಮ ದೇಶದಲ್ಲಿ ಗಡಿಯಾರ ವರ್ಷಪೂರ್ತಿ ಒಂದೇ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಒಂದು ಗಂಟೆ ಮುಂದಕ್ಕೆ, ನವೆಂಬರ್ ಮೊದಲ ಭಾನುವಾರ ಒಂದು ಗಂಟೆ ಹಿಂದಕ್ಕೆ. ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆ ಇದ್ದರೆ ಇಲ್ಲಿನ ಮಧ್ಯಾಹ್ನ 3ರ ಮ್ಯಾಚು ಅಕ್ಟೋಬರ್‌ನಲ್ಲಿ ಬೆಳಗಿನ ಜಾವ 5.30ಕ್ಕೆ, ಡಿಸೆಂಬರ್‌ನಲ್ಲಿ 4.30ಕ್ಕೆ. ಬೆಳಿಗ್ಗೆ 10ರ ಮ್ಯಾಚಾದರೆ ಡಿಸೆಂಬರ್‌ನಲ್ಲಿ ಅಲ್ಲಿಗೆ ಹಿಂದಿನ ರಾತ್ರಿ 11.30. ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದರೆ ಇನ್ನೂ ಕಷ್ಟ, ಚಳಿಗಾಲದಲ್ಲಿ ನಮ್ಮ 3 ಗಂಟೆ ಅಂದರೆ ಅಲ್ಲಿ ರಾತ್ರಿ 1.30. ಲಂಡನ್‌ನವರು ಪುಣ್ಯವಂತರು, ಚಳಿಗಾಲದಲ್ಲಿ ಬೆಳಿಗ್ಗೆ 9.30. ದುಬೈಯಲ್ಲಿ ಎಲ್ಲ ಕಾಲದಲ್ಲೂ 1.30, ಊಟ ಮುಗಿಸಿ ಆರಾಮವಾಗಿ ನೋಡಬಹುದು.

ಬಾಣಂತಿ ಮನೆಯಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಯಾರು ಮಲಗಿರುತ್ತಾರೆ ಹೇಳಿ? ಕೂಸು ಎದ್ದಿರುತ್ತದೆ, ನೀವೂ ಎದ್ದಿರುತ್ತೀರಿ. ಮಗುವನ್ನು ತೋಳಲ್ಲಿ ಹಾಕಿಕೊಂಡು, ಫೋನನ್ನು ದಿಂಬಿಗೆ ಆನಿಸಿಟ್ಟು, ಇಯರ್‌ಫೋನನ್ನು ಒಂದೇ ಕಿವಿಗೆ ಸಿಕ್ಕಿಸಿಕೊಳ್ಳಿ. ಇನ್ನೊಂದು ಕಿವಿ ಮಗುವಿಗೆ, ಅಳಿಯಂದಿರ ನಿದ್ದೆಗೆ! ಗೋಲು ಬಿದ್ದಾಗ ಮಾತ್ರ ಬಾಯಿ ಮುಚ್ಚಿಕೊಳ್ಳಬೇಕು, ಅದೇ ಕಷ್ಟ.

ಯಾರ ಕೈಯಲ್ಲಿ ಫೋನು?

ತಂಡದ ಹುಡುಗಿಯರಿಗೆ ಈ ಕೆಲಸ ಹೇಳಬೇಡಿ. ಬೆಂಚಿನಲ್ಲಿ ಕೂತವಳು ಸುಮ್ಮನೆ ಕೂತಿದ್ದಾಳೆ ಅಂತ ನಮಗೆ ಕಾಣುತ್ತದೆ, ಆದರೆ ಹಾಕಿಯಲ್ಲಿ ಯಾವ ಕ್ಷಣದಲ್ಲಾದರೂ ಅವಳನ್ನು ಒಳಗೆ ಕಳಿಸಬಹುದು. ಫೋನ್ ಹಿಡಿದು ನಿಂತರೆ ಅವಳ ಗಮನ ಆಟದಲ್ಲಿರುವುದಿಲ್ಲ, ಪಿ.ಡಿ. ಸರ್ ಕೈಯಲ್ಲಿ ಬೈಸಿಕೊಳ್ಳುವುದೂ ಗ್ಯಾರಂಟಿ. ಆಡದ ಒಬ್ಬ ಸಹಪಾಠಿಯನ್ನು ಕೇಳಿ. ಅವಳ ಡೇಟಾ ಖರ್ಚಾಗುತ್ತದೆ, ಒಂದು ಗಂಟೆಯ ನೇರ ವಿಡಿಯೊಗೆ ಅರ್ಧ ಜಿಬಿಯಿಂದ ಒಂದು ಜಿಬಿ ಹೋಗಬಹುದು. ಸಂಕೋಚ ಮಾಡದೆ ಅವಳ ಫೋನಿಗೆ ರೀಚಾರ್ಜ್ ಮಾಡಿಸಿ. ಒಂದು ಪವರ್ ಬ್ಯಾಂಕ್ ಕೂಡ ಕೊಟ್ಟಿರಿ, ಬಿಸಿಲಿನಲ್ಲಿ ಫೋನು ಕಾದು ಬ್ಯಾಟರಿ ಬೇಗ ಇಳಿಯುತ್ತದೆ.

ಆದರೆ ನನ್ನನ್ನು ಕೇಳಿದರೆ ಇದಕ್ಕೆ ಅತ್ಯುತ್ತಮ ಕ್ಯಾಮೆರಾಮನ್ ಅಂದರೆ ಹುಡುಗಿಯ ಅಪ್ಪ! ತೋಟ, ಸಂತೆ, ಸೊಸೈಟಿ ಮೀಟಿಂಗ್ ಅಂತ ಓಡಾಡುತ್ತ ಮಗಳ ಒಂದು ಮ್ಯಾಚನ್ನೂ ನೋಡದ ಅಪ್ಪಂದಿರು ಎಷ್ಟು ಜನ ಬೇಕು? ‘ರೀ, ಬುಧವಾರ ಮ್ಯಾಚಿದೆ, ನಂಗೆ ನೋಡ್ಬೇಕು, ನೀವೇ ಹೋಗಿ ಫೋನ್ ಹಿಡೀರಿ’ ಅಂತ ಅಲ್ಲಿಂದ ಹೇಳಿ. ‘ನೀವು ಹೋಗಿ ಮಗಳ ಆಟ ನೋಡಿ’ ಅಂದರೆ ಹೋಗುವುದಿಲ್ಲ, ಹೆಂಡತಿಗೆ ತೋರಿಸಲು ಅಂದರೆ ಹೋಗುತ್ತಾರೆ. ಗಂಡಸರ ಸ್ವಭಾವ ನಮಗೆ ಗೊತ್ತಿಲ್ಲವೇ? ಒಂದು ಗಂಟೆ ಮೈದಾನದ ಅಂಚಿನಲ್ಲಿ ನಿಂತು, ಮಗಳು ಬಿದ್ದು ಎದ್ದು ಓಡುವುದನ್ನು ಕಂಡ ಮನುಷ್ಯ ಆ ಸಂಜೆ ‘ಸಾರು ಯಾಕೆ ಇನ್ನೂ ಆಗಿಲ್ಲ?’ ಅಂತ ಕೇಳಲಿ ನೋಡೋಣ.

ಫೋನನ್ನು ಅಡ್ಡಲಾಗಿ ಹಿಡಿಯಲು ಹೇಳಿ. ಹಾಕಿ ಮೈದಾನ 91.4 ಮೀಟರ್ ಉದ್ದ, 55 ಮೀಟರ್ ಅಗಲ. ಅದರ ನಡುಗೆರೆಯ ನೇರಕ್ಕೆ, ಮೆಟ್ಟಿಲೋ ದಿಬ್ಬವೋ ಇದ್ದರೆ ಅದರ ಮೇಲೆ, ಸೂರ್ಯ ಬೆನ್ನಿಗಿರುವಂತೆ ನಿಂತರೆ ಎರಡು ಕಡೆಯೂ ಸಿಗುತ್ತದೆ. ಗೋಲಿನ ಹಿಂದೆ ನಿಲ್ಲುವುದು ಬೇಡವೇ ಬೇಡ, ಆ ಚೆಂಡು ಬಂದು ಬಡಿದರೆ ತಮಾಷೆಯಲ್ಲ. ಜೂಮ್ ಮಾಡುವುದೂ ಬೇಡ. ಫೋನಿನಲ್ಲಿ ಚೆಂಡು ಹೇಗೂ ಸರಿಯಾಗಿ ಕಾಣುವುದಿಲ್ಲ, ಹುಡುಗಿಯರು ಯಾವ ಕಡೆ ಓಡುತ್ತಿದ್ದಾರೆ ಅನ್ನುವುದು ಕಂಡರೆ ಸಾಕು. ಹಿಡಿದವರು ಬಾಯಲ್ಲಿ ಹೇಳುತ್ತ ಹೋಗಲಿ, ‘ಈಗ ಪೆನಾಲ್ಟಿ ಕಾರ್ನರ್ ಸಿಕ್ತು, ನಿಮ್ಮವಳು ಬಲಗಡೆ ಇದ್ದಾಳೆ ಆಂಟಿ’ ಅಂತ. ರೇಡಿಯೊ ಕಾಮೆಂಟರಿ ಕೇಳಿ ಬೆಳೆದ ನಮಗೆ ಅಷ್ಟು ಸಿಕ್ಕರೆ ಉಳಿದ ಚಿತ್ರ ತಾನೇ ಮೂಡುತ್ತದೆ.

ವಾಟ್ಸಾಪ್ ವಿಡಿಯೊ ಕಾಲ್ ಎಲ್ಲಕ್ಕಿಂತ ಸುಲಭ. ಅಜ್ಜಿ, ಚಿಕ್ಕಮ್ಮ, ಅಕ್ಕ-ಭಾವ ಎಲ್ಲರೂ ನೋಡಬೇಕು ಅಂದರೆ ಯೂಟ್ಯೂಬ್ ಲೈವ್ ಮಾಡಬಹುದು. ಆದರೆ ಮೊಬೈಲಿನಿಂದ ಲೈವ್ ಮಾಡಲು ಆ ಚಾನೆಲ್‌ಗೆ ಕನಿಷ್ಠ 50 ಚಂದಾದಾರರು ಇರಬೇಕು, ಮೊದಲ ಸಲ ಅನುಮತಿ ಸಿಗಲು ಒಂದು ದಿನ ಹಿಡಿಯಬಹುದು. ಮ್ಯಾಚಿನ ದಿನ ಬೆಳಿಗ್ಗೆ ಕೂತರೆ ಆಗುವುದಿಲ್ಲ. ಇನ್ನೊಂದು ತಮಾಷೆ, ಲೈವ್ ಅನ್ನುವುದು ಸ್ವಲ್ಪ ತಡವಾಗಿ ಬರುತ್ತದೆ. ನಿಮ್ಮ ಪರದೆಯಲ್ಲಿ ಹುಡುಗಿ ಇನ್ನೂ ಸ್ಟಿಕ್ಕು ಎತ್ತುತ್ತಿರುತ್ತಾಳೆ, ಅಷ್ಟರಲ್ಲಿ ಮೈದಾನದಲ್ಲಿದ್ದ ಯಾರೋ ಮನೆಯ ಗ್ರೂಪಿನಲ್ಲಿ ‘ಗೋಲ್!!!’ ಅಂತ ಹಾಕಿಬಿಟ್ಟಿರುತ್ತಾರೆ. ಮ್ಯಾಚ್ ಮುಗಿಯುವ ತನಕ ಗ್ರೂಪನ್ನು ಮ್ಯೂಟ್ ಮಾಡಿ.

ನಮ್ಮ ಕಡೆ ನೆಟ್‌ವರ್ಕ್ ಕಥೆ ಹೇಳಬೇಕಾಗಿಲ್ಲ. ಮಳೆ ಬಂದರೆ ಕರೆಂಟು ಹೋಯಿತು, ಕರೆಂಟು ಹೋದರೆ ಟವರೂ ಹೋಯಿತು. ಹಾಗಾಗಿ ಇನ್ನೊಂದು ದಾರಿ ಇಟ್ಟುಕೊಂಡಿರಿ. ಲೈವ್ ಬೇಡ, ಪ್ರತಿ ಕ್ವಾರ್ಟರ್ ಮುಗಿದಾಗ ಒಂದೊಂದು ನಿಮಿಷದ ವಾಯ್ಸ್ ಮೆಸೇಜ್, ಜೊತೆಗೆ ಪೆನಾಲ್ಟಿ ಕಾರ್ನರ್‌ಗಳ ವಿಡಿಯೊ ತುಣುಕು. ಸಿಗ್ನಲ್ ಬಂದಾಗ ಒಂದೊಂದಾಗಿ ಬಂದು ಬೀಳುತ್ತವೆ. ನಿಜ ಹೇಳಬೇಕೆಂದರೆ ನಿಂತು ನಿಂತು ಬರುವ ಲೈವ್‌ಗಿಂತ ಇದೇ ನೆಮ್ಮದಿ.

ಹೆಣ್ಣುಮಕ್ಕಳ ವಿಡಿಯೊ, ಹುಷಾರು

ನಿಮ್ಮ ಮಗಳೊಬ್ಬಳೇ ಆಡುತ್ತಿಲ್ಲ. ಎರಡೂ ತಂಡ ಸೇರಿ ಇಪ್ಪತ್ತೆರಡು ಮನೆಯ ಹುಡುಗಿಯರು ಆ ವಿಡಿಯೊದಲ್ಲಿ ಇರುತ್ತಾರೆ. ಮೊದಲೇ ಕೋಚ್‌ಗೋ ಪಿ.ಡಿ. ಸರ್‌ಗೋ ಹೇಳಿ ಒಪ್ಪಿಗೆ ತೆಗೆದುಕೊಳ್ಳಿ, ಮಗಳ ಮೂಲಕ ಆಟಗಾರ್ತಿಯರಿಗೂ ತಿಳಿಸಿ. ಯೂಟ್ಯೂಬ್‌ನಲ್ಲಾದರೆ ‘ಅನ್‌ಲಿಸ್ಟೆಡ್’ ಅಂತ ಆರಿಸಿದರೆ ಲಿಂಕ್ ಇದ್ದವರು ಮಾತ್ರ ನೋಡಬಹುದು. ಎಲ್ಲರಿಗೂ ಕಾಣುವ ಹಾಗೆ ಹಾಕಿ, ಅದರ ಕೆಳಗೆ ಹುಡುಗಿಯರ ಚಡ್ಡಿ ಬಗ್ಗೆ ಯಾರೋ ಒಬ್ಬ ಕೊಳಕು ಮಾತು ಬರೆದು, ಅದನ್ನು ಇನ್ನೊಬ್ಬಳ ಅಪ್ಪ ಓದಿ... ಆ ಹುಡುಗಿಯ ಆಟ ಅಲ್ಲಿಗೇ ನಿಂತುಹೋಗುತ್ತದೆ. ನಮ್ಮ ಸಂಭ್ರಮಕ್ಕೆ ಪಕ್ಕದ ಮನೆಯ ಮಗಳು ಬೆಲೆ ತೆರಬಾರದು.

ದೊಡ್ಡ ಟೂರ್ನಿಗಳ ಹೊತ್ತಿನಲ್ಲಿ ಫೇಸ್‌ಬುಕ್‌ನಲ್ಲಿ ‘ಇಲ್ಲಿ ಲೈವ್ ನೋಡಿ’ ಅಂತ ಸುಳ್ಳು ಲಿಂಕುಗಳೂ ಓಡಾಡುತ್ತವೆ. ಒತ್ತಿದರೆ ‘ಉಚಿತ ನೋಂದಣಿ’ ಅಂತ ಕಾರ್ಡ್ ನಂಬರ್ ಕೇಳುತ್ತದೆ. ಉಚಿತಕ್ಕೆ ಕಾರ್ಡ್ ಯಾಕೆ? ತಕ್ಷಣ ಮುಚ್ಚಿ. ಅಳಿಯಂದಿರ ಕಾರ್ಡನ್ನಂತೂ ಕೊಡಲೇಬೇಡಿ! ಊರಿನ ಖಾತೆಯಿಂದ ದುಡ್ಡು ಹೋಗಿಯೇಬಿಟ್ಟರೆ ಮನೆಯವರಿಂದ ಕೂಡಲೇ 1930ಕ್ಕೆ ಫೋನ್ ಮಾಡಿಸಿ, ಬ್ಯಾಂಕಿಗೂ ತಿಳಿಸಿ.

‘ಗೆದ್ರಾ?’ ಅಂತ ಮಾತ್ರ ಕೇಳಬೇಡಿ

ನೀವು ಕಾಲೇಜಿನಲ್ಲಿದ್ದಾಗ ನೋಡಿದ ಹಾಕಿ ಬೇರೆ. ಆಗ 35 ನಿಮಿಷದ ಎರಡು ಭಾಗ. ಈಗ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 15 ನಿಮಿಷದ ನಾಲ್ಕು ಕ್ವಾರ್ಟರ್. ಸ್ಥಳೀಯ ಟೂರ್ನಿಗಳಲ್ಲಿ ಅದನ್ನೂ ಕಡಿಮೆ ಮಾಡುವುದುಂಟು, ಮಗಳನ್ನೇ ಕೇಳಿಕೊಳ್ಳಿ. ಹಸಿರು ಕಾರ್ಡ್ ತೋರಿಸಿದರೆ ಎರಡು ನಿಮಿಷ ಹೊರಗೆ, ಹಳದಿಯಾದರೆ ಕನಿಷ್ಠ ಐದು ನಿಮಿಷ, ಕೆಂಪು ಬಂದರೆ ಆವತ್ತಿನ ಆಟ ಮುಗಿಯಿತು. ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲ್‌ಕೀಪರ್ ಸೇರಿ ಐದೇ ಜನ ಗೋಲು ಕಾಯಬೇಕು. ನಿಮ್ಮವಳು ಆ ಐವರಲ್ಲಿ ಒಬ್ಬಳಾದರೆ ನಿಮ್ಮ ಎದೆ ಡವಡವ ಅನ್ನುವುದು ನ್ಯಾಯವೇ.

ಒಂದು ವಿಷಯ ಮಾತ್ರ ಚೆನ್ನಾಗಿ ತಿಳಿದಿರಿ. ಮಗಳನ್ನು ಹೊರಗೆ ಕರೆದುಕೊಂಡರು ಅಂದರೆ ಅವಳು ಕೆಟ್ಟದಾಗಿ ಆಡಿದಳು ಅಂತಲ್ಲ. ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಹೋದವಳು ದಣಿವಾರಿಸಿಕೊಂಡು ಮತ್ತೆ ಬರುತ್ತಾಳೆ. ಇದು ಗೊತ್ತಿಲ್ಲದೆ ‘ಯಾಕೆ ನಿನ್ನ ತೆಗೆದ್ರು? ಸರ್‌ಗೆ ಏನಂದೆ?’ ಅಂತ ಶುರು ಮಾಡಿದರೆ ಮುಂದಿನ ಮ್ಯಾಚಿನ ಟೈಮೇ ಅವಳು ನಿಮಗೆ ಹೇಳುವುದಿಲ್ಲ.

ಗೆದ್ದದ್ದು ಸೋತದ್ದು ಎಲ್ಲರಿಗೂ ಗೊತ್ತಾಗುತ್ತದೆ. ‘ಮೂರನೇ ಕ್ವಾರ್ಟರ್‌ನಲ್ಲಿ ಆ ಎತ್ತರದ ಹುಡುಗಿಯಿಂದ ಚೆಂಡು ಕಿತ್ಕೊಂಡ್ಯಲ್ಲ, ಅದು ಹೇಗೆ?’ ಅಂತ ಕೇಳಿ ನೋಡಿ. ಹತ್ತು ಸಾವಿರ ಮೈಲಿ ಆಚೆ ಇದ್ದರೂ ಅಮ್ಮ ನಿಜವಾಗಿ ನೋಡಿದ್ದಾಳೆ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೆ? ಮಾತು ಅಲ್ಲಿಂದ ಶುರುವಾದರೆ ಊಟ ಸೇರದ್ದು, ಅಪ್ಪನ ಸಿಟ್ಟು, ಇಂಟರ್ನಲ್ಸ್‌ನಲ್ಲಿ ಕಡಿಮೆ ಬಂದದ್ದು ಎಲ್ಲ ತಾನಾಗಿ ಹೊರಗೆ ಬರುತ್ತದೆ.

ಆದರೆ ಸೋತ ದಿನ ಕೂಡಲೇ ಫೋನ್ ಮಾಡಬೇಡಿ. ಅವಳು ಮನೆಗೆ ಬಂದು, ಸ್ನಾನ ಮಾಡಿ, ತಿಂದು, ತಾನೇ ಮಾಡಲಿ. ನೋಡುವುದು ಬೇರೆ, ಕಾವಲು ಕಾಯುವುದು ಬೇರೆ. ‘ಮ್ಯಾಚ್ ಆದ್ಮೇಲೆ ಆ ಹುಡುಗನ ಹತ್ರ ಏನ್ ಮಾತಾಡ್ತಿದ್ದೆ?’ ಅಂತ ವಿಡಿಯೊದ ಮೂಲೆಯಲ್ಲಿ ಕಂಡದ್ದನ್ನು ಕೇಳಿದಿರೋ, ಫೋನ್ ಹಿಡಿಯುವ ಗೆಳತಿಗೆ ಮುಂದಿನ ವಾರದಿಂದ ಸಿಗ್ನಲ್ಲೇ ಸಿಗುವುದಿಲ್ಲ!

ಕೊನೆ ಬಸ್ಸು, ರಾತ್ರಿ ಅಡುಗೆ

ಈಗ ಮುಖ್ಯವಾದ ಮಾತು. ವಿಮಾನ ಹತ್ತುವ ಮೊದಲೇ ಇದನ್ನು ಮನೆಯಲ್ಲಿ ಕೂತು ತೀರ್ಮಾನ ಮಾಡಿ. ಪ್ರಾಕ್ಟೀಸ್ ಇರುವ ದಿನಗಳಲ್ಲಿ ರಾತ್ರಿಯ ಅಡುಗೆ ಯಾರದು? ಮಗಳದ್ದಲ್ಲ ಅನ್ನುವುದು ಮೊದಲು ಸ್ಪಷ್ಟವಾಗಲಿ. ಗಂಡನಿಗೆ ಅನ್ನ, ತಿಳಿಸಾರು, ಒಂದು ಮೊಟ್ಟೆ ಪಲ್ಯ ಕಲಿಸಿಕೊಡಿ. ಐವತ್ತು ದಾಟಿದ ಮೇಲೂ ಕಲಿಯಬಹುದು, ಅಡ್ಡಿಯಿಲ್ಲ. ಸಾರಿನ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ ಮಾಡಿಟ್ಟು ಹೋಗಿ. ಹತ್ತಿರದಲ್ಲಿ ಅತ್ತೆಯೋ ದೊಡ್ಡಮ್ಮನೋ ಇದ್ದರೆ ವಾರಕ್ಕೆರಡು ದಿನ ಅವರ ಮನೆಯ ಊಟ.

ಬಸ್ಸಿನ ವಿಷಯ ಇನ್ನೂ ದೊಡ್ಡದು. ಆಟ ಬಿಟ್ಟ ಹುಡುಗಿಯರನ್ನು ಕೇಳಿ ನೋಡಿ, ‘ಮನೆಗೆ ಬರೋದು ಲೇಟಾಗ್ತಿತ್ತು’ ಅನ್ನುವುದೇ ಹೆಚ್ಚಿನವರ ಉತ್ತರ. ಪ್ರಾಕ್ಟೀಸ್ ಎಷ್ಟಕ್ಕೆ ಮುಗಿಯುತ್ತದೆ, ಕೊನೆಯ ಬಸ್ಸು ಎಷ್ಟಕ್ಕೆ, ಅದು ತಪ್ಪಿದರೆ ಕರೆದುಕೊಂಡು ಬರುವವರು ಯಾರು, ಇಲ್ಲವೇ ಯಾರ ಮನೆಯಲ್ಲಿ ಉಳಿಯಬೇಕು ಎಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. ‘ಅಮ್ಮ ಇಲ್ಲ, ಏನಾದ್ರೂ ಆದ್ರೆ?’ ಅನ್ನುವವರಿಗೆ ಆ ಕಾಗದವೇ ಉತ್ತರ.

ವಿಡಿಯೊದಲ್ಲಿ ಮಗಳು ಕುಂಟುವುದು ಕಂಡರೆ? ನಮಗೆ ಮೊದಲು ಬಾಯಿಗೆ ಬರುವುದು ‘ಬಿಸಿ ಎಣ್ಣೆ ಹಾಕಿ ತಿಕ್ಕು’. ಅದು ಬೇಡ. ಕಾಲು ಉಳುಕಿದ ಮೊದಲ ಎರಡು ದಿನ ಬಿಸಿಯೂ ಬೇಡ, ತಿಕ್ಕುವುದೂ ಬೇಡ. ಐಸನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಡಲಿ, ಕಾಲು ಎತ್ತರಿಸಿ ಮಲಗಲಿ. ನಾಲ್ಕು ಹೆಜ್ಜೆ ಊರಲೂ ಆಗದಿದ್ದರೆ ಡಾಕ್ಟರ ಹತ್ತಿರ ಹೋಗಿ ಎಕ್ಸ್‌ರೇ ತೆಗೆಸಲೇಬೇಕು. ತಲೆಗೆ ಪೆಟ್ಟು ಬಿದ್ದಿದ್ದರೆ ಆವತ್ತು ಮತ್ತೆ ಮೈದಾನಕ್ಕೆ ಇಳಿಯಲೇಬಾರದು, ಎಷ್ಟೇ ದೊಡ್ಡ ಫೈನಲ್ ಆಗಿರಲಿ.

ಅಲ್ಲಿನ ಹುಡುಗಿಯರ ಆಟವನ್ನೂ ನೋಡಿ

ಬರೀ ಫೋನಿನಲ್ಲಿ ಮುಳುಗಿರಬೇಕಾಗಿಲ್ಲ. ಅಮೆರಿಕದಲ್ಲಿ ‘ಹಾಕಿ’ ಅಂದರೆ ಐಸ್ ಮೇಲೆ ಆಡುವುದು. ನಮ್ಮದನ್ನು ‘ಫೀಲ್ಡ್ ಹಾಕಿ’ ಅನ್ನಬೇಕು. ಅಲ್ಲಿನ ಕಾಲೇಜುಗಳ ದೊಡ್ಡ ಚಾಂಪಿಯನ್‌ಷಿಪ್‌ನಲ್ಲಿ ಅದನ್ನು ಆಡುವವರು ಹುಡುಗಿಯರು ಮಾತ್ರ! 1901ರಲ್ಲಿ ಕಾನ್ಸ್ಟನ್ಸ್ ಆ್ಯಪಲ್‌ಬಿ ಎಂಬ ಇಂಗ್ಲಿಷ್ ವ್ಯಾಯಾಮ ಶಿಕ್ಷಕಿ ಅಲ್ಲಿಗೆ ಹೋದವರು ಮಹಿಳಾ ಕಾಲೇಜುಗಳಲ್ಲಿ ಈ ಆಟ ಕಲಿಸಿದರು, ಅದು ಹಾಗೇ ಹೆಣ್ಣುಮಕ್ಕಳ ಆಟವಾಗಿ ಬೆಳೆಯಿತು. ಆಕೆ ಬದುಕಿದ್ದು 107 ವರ್ಷ. ಅಲ್ಲಿನ ಸೀಸನ್ ಆಗಸ್ಟ್ ಕೊನೆಯಿಂದ ನವೆಂಬರ್ ತನಕ. ನೀವಿರುವ ಊರಿನ ಹತ್ತಿರ ಕಾಲೇಜಿದ್ದರೆ, ಸ್ಟ್ರೋಲರ್‌ನಲ್ಲಿ ಮೊಮ್ಮಗುವನ್ನು ಮಲಗಿಸಿಕೊಂಡು ಒಂದು ಮಧ್ಯಾಹ್ನ ಹೋಗಿ ಬನ್ನಿ. ನೋಡಿದ್ದನ್ನು ಊರಿನ ಮಗಳಿಗೆ ನೀವೇ ವಾಯ್ಸ್ ಮೆಸೇಜಿನಲ್ಲಿ ಹೇಳಿ, ಈ ಸಲ ಕಾಮೆಂಟರಿ ನಿಮ್ಮದು.

ವಾಪಸ್ ಬರುವಾಗ ಅವಳಿಗೆ ಹಾಕಿ ಸ್ಟಿಕ್ಕು ತರಬೇಕು ಅಂತ ಅನ್ನಿಸುವುದು ಸಹಜ. ಅಷ್ಟು ದೂರದಿಂದ ಹೊತ್ತು ತರಬೇಕಾಗಿಲ್ಲ, ನಮ್ಮ ಜಲಂಧರ್‌ನಲ್ಲೇ ಒಳ್ಳೆಯ ಸ್ಟಿಕ್ಕು ತಯಾರಾಗುತ್ತದೆ. ತರಲೇಬೇಕು ಅಂದರೆ ಕೈಚೀಲದ ಜೊತೆ ಇಟ್ಟುಕೊಳ್ಳಬೇಡಿ, ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಹಾಕಿ ಸ್ಟಿಕ್ಕನ್ನು ಕ್ಯಾಬಿನ್ ಒಳಗೆ ಬಿಡುವುದಿಲ್ಲ. ಲಗೇಜಿಗೇ ಹಾಕಬೇಕು. ಅದಕ್ಕಿಂತ ಒಂದು ಒಳ್ಳೆಯ ಮೌತ್ ಗಾರ್ಡ್, ಒಂದು ಜೊತೆ ಶಿನ್ ಗಾರ್ಡ್ ತನ್ನಿ. ಫೋನ್ ಹಿಡಿದ ಗೆಳತಿಗೂ ಒಂದು ಚಾಕೊಲೇಟ್ ಡಬ್ಬಿ ಮರೆಯಬೇಡಿ.